ಶನಿವಾರ ನೀಲಿ, ಗುರುವಾರ ಕೆಂಪು: ಡಿಫ್ರ್ಯಾಗ್ ಮಾಡಿದ ಡಿಸ್ಕ್ ಮತ್ತೆ ಚೂರಾಗುವುದೇಕೆ

2005ರಲ್ಲಿ ನಾನು ಹಾಸನದ ಒಂದು ಮದುವೆ ವಿಡಿಯೊ ಸ್ಟುಡಿಯೊದಲ್ಲಿ ಎಡಿಟಿಂಗ್ ಕೆಲಸಕ್ಕಿದ್ದೆ. ಅಲ್ಲಿದ್ದದ್ದು ಒಂದೇ ಕಂಪ್ಯೂಟರ್: ಪೆಂಟಿಯಂ 4 ಪ್ರೊಸೆಸರ್, ವಿಂಡೋಸ್ ಎಕ್ಸ್‌ಪಿ, 80 ಜಿಬಿಯ ಒಂದು ಹಾರ್ಡ್ ಡಿಸ್ಕ್. ಶನಿವಾರ ರಾತ್ರಿ ಬಾಗಿಲು ಹಾಕುವ ಮುನ್ನ, ಚೂರಾಗಿ ಹರಡಿದ ಫೈಲುಗಳನ್ನು ಒಂದೆಡೆ ಜೋಡಿಸುವ ಡಿಸ್ಕ್ ಡಿಫ್ರ್ಯಾಗ್ಮೆಂಟರ್ ತೆರೆದು, ಡಿ ಡ್ರೈವನ್ನು ಗುರುತಿಸಿ, ಗುಂಡಿ ಒತ್ತಿ, ಮಾನಿಟರನ್ನು ಮಾತ್ರ ಆರಿಸಿ ಮನೆಗೆ ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಪರದೆಯಲ್ಲಿ ಒಂದರ ಕೆಳಗೊಂದು ಎರಡು ಪಟ್ಟಿಗಳಿರುತ್ತಿದ್ದವು. ಮೇಲಿನದು ಡಿಫ್ರ್ಯಾಗ್‌ಗೆ ಮುಂಚಿನ ಸ್ಥಿತಿ. ಅದರಲ್ಲಿ ಕೆಂಪು ಗೆರೆಗಳು ಒತ್ತೊತ್ತಾಗಿ ನಿಂತಿರುತ್ತಿದ್ದವು. ಕೆಳಗಿನದು ಬಹುಪಾಲು ನೀಲಿಯಾಗಿ, ನಡುನಡುವೆ ಬಿಳಿಯಾಗಿ, ಆಗಷ್ಟೇ ಗುಡಿಸಿ ಸಾರಿಸಿದ ಅಂಗಳದಂತೆ ಕಾಣುತ್ತಿತ್ತು. ಕೆಂಪೆಂದರೆ ಚೂರುಚೂರಾಗಿ ಬೇರೆ ಬೇರೆ ಕಡೆ ಬಿದ್ದಿರುವ ಫೈಲುಗಳು, ನೀಲಿಯೆಂದರೆ ಒಂದೇ ಕಡೆ ಅಖಂಡವಾಗಿರುವ ಫೈಲುಗಳು, ಬಿಳಿಯೆಂದರೆ ಖಾಲಿ ಜಾಗ. ಅಲ್ಲಲ್ಲಿ ಕಾಣುವ ಹಸಿರು, ಜಾಗ ಬದಲಿಸಲಾಗದ ಫೈಲುಗಳದು.

ಆ ನೀಲಿ ಗುರುವಾರದ ತನಕವೂ ಉಳಿಯುತ್ತಿರಲಿಲ್ಲ. ಒಂದು ದಿನ ಕ್ಯಾಪ್ಚರ್ ಮಾಡುವಾಗ, ಅಂದರೆ ಟೇಪನ್ನು ಓಡಿಸುತ್ತಾ ಅದರ ವಿಡಿಯೊವನ್ನು ಡಿಸ್ಕಿಗೆ ಇಳಿಸಿಕೊಳ್ಳುವಾಗ, ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ ಹನ್ನೊಂದು ಫ್ರೇಮುಗಳು ಬಿಟ್ಟುಹೋದವು. ಟೇಪು ಕೈಯಲ್ಲಿದ್ದ ಕಾರಣ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕ್ಯಾಪ್ಚರ್ ಮಾಡಬಹುದಿತ್ತು, ನಷ್ಟವೇನೂ ಆಗಲಿಲ್ಲ. ಆದರೆ ಯಜಮಾನರು ನನ್ನ ಬೆನ್ನ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದರು. "ಏನಪ್ಪಾ, ಶನಿವಾರ ರಾತ್ರಿಯೆಲ್ಲಾ ಓಡ್ಸಿದ್ದೆ, ಗುರುವಾರಕ್ಕೇ ಮತ್ತೆ ಕೆಂಪಗಾಯ್ತಲ್ಲೋ. ಸರಿಯಾಗಿ ಹಾಕಿದ್ಯಾ, ಇಲ್ವಾ?" ಎಂದರು. "ಹಾಕಿದ್ದೆ ಸಾರ್, ರಿಪೋರ್ಟೂ ಇದೆ" ಎಂದೆನೇ ಹೊರತು ಏಕೆ ಕೆಂಪಾಯಿತೆಂದು ಹೇಳಲು ನನಗೆ ಬರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವರನ್ನು ಕೇಳಿದರೆ ವೈರಸ್ ಇರಬೇಕೆಂದರು. ಆ ಕಾಲದಲ್ಲಿ ಏನು ಕೆಟ್ಟರೂ ಸಿಗುತ್ತಿದ್ದ ಉತ್ತರ ಅದೇ.

ವೈರಸ್ ಇರಲಿಲ್ಲ, ಡಿಸ್ಕೂ ಕೆಟ್ಟಿರಲಿಲ್ಲ. ಡಿಫ್ರ್ಯಾಗ್ ತನಗೆ ಒಪ್ಪಿಸಿದ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅದು ಸರಿಪಡಿಸುವುದು ಅಲ್ಲಿಯವರೆಗೆ ಆಗಿಹೋದ ಅಸ್ತವ್ಯಸ್ತವನ್ನು. ಆ ಅಸ್ತವ್ಯಸ್ತವನ್ನು ಹುಟ್ಟಿಸುವ ನಮ್ಮ ದಿನನಿತ್ಯದ ಕೆಲಸ ಸೋಮವಾರ ಬೆಳಿಗ್ಗೆ ಯಥಾಪ್ರಕಾರ ಶುರುವಾಗುತ್ತಿತ್ತು. ಇಷ್ಟನ್ನು ಅರ್ಥಮಾಡಿಕೊಳ್ಳಲು ನನಗೆ ಹಲವು ತಿಂಗಳು ಬೇಕಾಯಿತು.

ಮೊದಲಿಗೆ ಡಿಸ್ಕಿನೊಳಗಿನ ವ್ಯವಸ್ಥೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯು ಡಿಸ್ಕಿನ ಜಾಗವನ್ನು ಕ್ಲಸ್ಟರುಗಳೆಂಬ ಸಣ್ಣ ತುಂಡುಗಳಾಗಿ ವಿಂಗಡಿಸಿಕೊಳ್ಳುತ್ತದೆ. ಒಂದು ಕ್ಲಸ್ಟರಿನ ಗಾತ್ರ ಸಾಮಾನ್ಯವಾಗಿ 4 ಕೆಬಿ. ಯಾವ ಕ್ಲಸ್ಟರ್ ಖಾಲಿ, ಯಾವುದು ಭರ್ತಿ ಎಂಬುದಕ್ಕೆ ಒಂದು ನಕ್ಷೆಯಿದೆ. ಪ್ರತಿ ಫೈಲಿಗೂ ಒಂದು ದಾಖಲೆಯಿದ್ದು, ಆ ಫೈಲು ಎಷ್ಟನೆಯ ಕ್ಲಸ್ಟರಿನಿಂದ ಶುರುವಾಗಿ ಎಷ್ಟು ಕ್ಲಸ್ಟರುಗಳವರೆಗೆ ಸಾಲಾಗಿದೆ, ಆಮೇಲೆ ಎಲ್ಲಿಗೆ ಜಿಗಿದು ಮುಂದುವರಿಯುತ್ತದೆ ಎಂಬ ವಿವರವನ್ನು ಅದರಲ್ಲಿ ಬರೆದಿಡಲಾಗುತ್ತದೆ. ಫೈಲು ಅಖಂಡವಾಗಿದ್ದರೆ ಈ ವಿವರ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ನೂರು ಚೂರಾಗಿದ್ದರೆ ನೂರು ಸಾಲಾಗುತ್ತದೆ. ಎರಡರಲ್ಲೂ ಫೈಲಿನ ಒಂದಕ್ಷರವೂ ಕಳೆದುಹೋಗಿರುವುದಿಲ್ಲ. ವ್ಯತ್ಯಾಸವಿರುವುದು ಅದನ್ನು ಓದಿ ಬರೆಯಲು ಹಿಡಿಯುವ ಹೊತ್ತಿನಲ್ಲಿ ಮಾತ್ರ.

ಆ ಹೊತ್ತು ಎಷ್ಟೆಂಬುದನ್ನು ನಮ್ಮ ಮಾಂಗಲ್ಯಧಾರಣೆಯ ಲೆಕ್ಕದಲ್ಲೇ ನೋಡಬಹುದು. ನಮ್ಮ ಕ್ಯಾಮೆರಾ ಮಿನಿ ಡಿವಿ ಟೇಪಿನದು. ಪ್ಯಾಲ್ ಎಂಬ ಟಿವಿ ಪದ್ಧತಿಯ ಡಿವಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಒಂದೊಂದು ಫ್ರೇಮು 1,44,000 ಬೈಟು. ಅಂದರೆ ಸೆಕೆಂಡಿಗೆ 3.6 ಎಂಬಿ, ಗಂಟೆಗೆ ಹತ್ತಿರ ಹತ್ತಿರ 13 ಜಿಬಿ. ಒಂದು ಫ್ರೇಮಿಗೆ 36 ಕ್ಲಸ್ಟರುಗಳು ಬೇಕು, ಮತ್ತು ಮುಂದಿನ ಫ್ರೇಮು ಬರುವುದರೊಳಗೆ, 40 ಮಿಲಿಸೆಕೆಂಡಿನಲ್ಲಿ, ಅದನ್ನು ಬರೆದು ಮುಗಿಸಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಜಾಗ ಓದಿ ಬರೆಯುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮುಂಚೆ ಹೆಡ್ಡು ಆ ವರ್ತುಲಕ್ಕೆ ಸರಿಯಲು 9 ಮಿಲಿಸೆಕೆಂಡಿನಷ್ಟು ಬೇಕು. ಹೀಗೆ ಒಂದು ಜಿಗಿತಕ್ಕೆ ಒಟ್ಟು 13 ಮಿಲಿಸೆಕೆಂಡು. ಒಂದು ಫ್ರೇಮಿನ ನಡುವೆ ಎರಡು ಸಲ ಜಿಗಿದರೆ ಡಿಸ್ಕು ಹೇಗೋ ತಾಳಿಕೊಳ್ಳುತ್ತದೆ, ಮೂರನೆಯ ಜಿಗಿತಕ್ಕೆ ಹೊತ್ತು ಸಾಲುವುದಿಲ್ಲ. ಒಂದು ವೇಳೆ 36 ಕ್ಲಸ್ಟರುಗಳೂ 36 ಕಡೆ ಹಂಚಿಹೋದರೆ ಆ ಒಂದು ಫ್ರೇಮಿಗೇ ಹತ್ತಿರ ಹತ್ತಿರ ಅರ್ಧ ಸೆಕೆಂಡು ಬೇಕು. ಮೆಮೊರಿಯಲ್ಲಿರುವ ಬಫರು ಸ್ವಲ್ಪ ಕಾಲ ಭಾರ ಹೊರುತ್ತದೆ; ಅದೂ ತುಂಬಿದ ಮೇಲೆ ಬರುವ ಫ್ರೇಮು ನೆಲದ ಪಾಲು. ಟೇಪಂತೂ ಯಾರಿಗೂ ಕಾಯದೆ ಓಡುತ್ತಲೇ ಇರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕ್ಯಾಪ್ಚರ್ ಮಾಡುವಾಗ ನಮಗೆ ಅಡ್ಡಿಯಾದದ್ದು ಹಳೆಯ ಫೈಲುಗಳು ಚೂರಾಗಿದ್ದುದಲ್ಲ, ಖಾಲಿ ಜಾಗ ಚೂರಾಗಿದ್ದುದು. ಹೊಸ ಫೈಲು ಕೂರಬೇಕಾದದ್ದು ಖಾಲಿ ಜಾಗದಲ್ಲಿ. ಆ ಜಾಗವೇ ಹರಕು ಮುರುಕಾಗಿದ್ದರೆ ಫೈಲು ಹುಟ್ಟುವಾಗಲೇ ಚೂರಾಗಿ ಹುಟ್ಟುತ್ತದೆ. ಎಕ್ಸ್‌ಪಿಯ ಡಿಫ್ರ್ಯಾಗ್ ಫೈಲುಗಳನ್ನು ಒಂದುಗೂಡಿಸುವುದಕ್ಕೆ ಕೊಡುವಷ್ಟು ಗಮನವನ್ನು ಖಾಲಿ ಜಾಗವನ್ನು ಒಂದುಗೂಡಿಸುವುದಕ್ಕೆ ಕೊಡುತ್ತಿರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ನೀಲಿಯ ನಡುನಡುವೆ ಬಿಳಿ ಕಾಣುತ್ತಿತ್ತೆಂದು ಆಗಲೇ ಹೇಳಿದೆನಲ್ಲ, ಅದನ್ನು ನೋಡಿ ನಾನು ಸಂತೋಷಪಡುತ್ತಿದ್ದೆ. ವಾಸ್ತವವಾಗಿ ಮುಂದಿನ ಗುರುವಾರದ ಕೆಂಪಿಗೆ ಅಲ್ಲೇ ಜಾಗ ಕಾದಿರಿಸಲಾಗಿತ್ತು.

ಆ ಖಾಲಿ ಜಾಗ ಹರಕಾಗುವುದು ಹೇಗೆಂಬುದಕ್ಕೆ ನಮ್ಮ ಸ್ಟುಡಿಯೊದ ಲೆಕ್ಕದ ಎಕ್ಸೆಲ್ ಫೈಲಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಮುಂಗಡ ಎಷ್ಟು, ಬಾಕಿ ಎಷ್ಟು ಎಂದು ಯಜಮಾನರು ದಿನವೂ ಅದರಲ್ಲಿ ನಾಲ್ಕು ಸಾಲು ಸೇರಿಸುತ್ತಿದ್ದರು. ಎಕ್ಸೆಲ್ ಹಳೆಯ ಫೈಲಿನ ಮೇಲೆಯೇ ತಿದ್ದುವುದಿಲ್ಲ. ಪೂರ್ತಿ ಹೊಸ ಪ್ರತಿಯನ್ನು ತಾತ್ಕಾಲಿಕ ಹೆಸರಿನಲ್ಲಿ ಬೇರೆ ಕಡೆ ಬರೆದು, ಅದು ಕ್ಷೇಮವಾಗಿ ಮುಗಿದ ನಂತರ ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರನ್ನು ಇಡುತ್ತದೆ. ಬರೆಯುವ ನಡುವೆ ಕರೆಂಟು ಹೋದರೂ ಹಳೆಯ ಲೆಕ್ಕ ಉಳಿಯಲಿ ಎಂಬುದು ಇದರ ಉದ್ದೇಶ, ಮತ್ತು ಹಾಸನದಲ್ಲಿ ಕುಳಿತು ಆ ಉದ್ದೇಶವನ್ನು ಆಕ್ಷೇಪಿಸುವುದು ನನ್ನಿಂದಾಗದು. ಆದರೆ ನಿನ್ನೆ 38 ಕೆಬಿ ಇದ್ದ ಫೈಲು ಹತ್ತು ಕ್ಲಸ್ಟರುಗಳ ತೆರವನ್ನು ಬಿಟ್ಟುಹೋಗುತ್ತದೆ. ಇವತ್ತಿನ ಫೈಲು 41 ಕೆಬಿ ಆಗಿ ಹನ್ನೊಂದು ಕ್ಲಸ್ಟರು ಕೇಳುತ್ತದೆ. ಬೆಳೆಯುವ ಫೈಲು ತನ್ನ ಹಳೆಯ ತೆರವಿನಲ್ಲಿ ಎಂದಿಗೂ ಇಡಿಯಾಗಿ ಹಿಡಿಸುವುದಿಲ್ಲ. ಆ ತೆರವಿಗೆ ಇನ್ನಾವುದೋ ಮೂರು ಕ್ಲಸ್ಟರಿನ ಪುಟ್ಟ ಫೈಲು ಬಂದು ಕೂರುತ್ತದೆ, ಏಳರ ತೆರವು ಉಳಿಯುತ್ತದೆ. ಅದರಲ್ಲಿ ಮತ್ತೊಂದು ಕೂತು ಎರಡು ಉಳಿಯುತ್ತದೆ. ಇಂಥ ಎರಡು, ಮೂರು ಕ್ಲಸ್ಟರಿನ ಚಿಲ್ಲರೆ ಡಿಸ್ಕಿನ ತುಂಬಾ ಸೇರುತ್ತಾ ಹೋಗುತ್ತದೆ.

ಕ್ಯಾಪ್ಚರಿನದು ಇನ್ನೊಂದು ಬಗೆ. ಟೇಪು ಓಡಲು ಶುರುವಾದಾಗ ಆ ಫೈಲು ಕೊನೆಗೆ 2 ಜಿಬಿ ಆಗುವುದೋ 13 ಜಿಬಿ ಆಗುವುದೋ ಯಾರಿಗೂ ತಿಳಿದಿರುವುದಿಲ್ಲ. ಮುಂಚಿತವಾಗಿ ಇಷ್ಟು ಜಾಗ ಬೇಕೆಂದು ತಂತ್ರಾಂಶ ಕೇಳಿಟ್ಟುಕೊಳ್ಳದಿದ್ದರೆ, ಫೈಲು ಬೆಳೆದಂತೆಲ್ಲ ಫೈಲ್ ವ್ಯವಸ್ಥೆಯು ಆಗಿಂದಾಗ್ಗೆ ಸಿಕ್ಕ ಜಾಗವನ್ನು ಕೊಡುತ್ತಾ ಹೋಗುತ್ತದೆ. ಪಕ್ಕದ ಕ್ಲಸ್ಟರು ಬೇರೆಯವರದಾದರೆ ಜಿಗಿಯುವುದೇ ದಾರಿ. ಅದೇ ಹೊತ್ತಿನಲ್ಲಿ ಎಡಿಟಿಂಗ್ ತಂತ್ರಾಂಶವು ಧ್ವನಿಯ ಅಲೆಗಳನ್ನು ತೋರಿಸಲು ಸಣ್ಣ ಸಣ್ಣ ಫೈಲುಗಳನ್ನು ಬರೆಯುತ್ತಿರುತ್ತದೆ, ಐದೈದು ನಿಮಿಷಕ್ಕೊಮ್ಮೆ ಪ್ರಾಜೆಕ್ಟನ್ನು ತಾನಾಗಿ ಉಳಿಸುತ್ತಿರುತ್ತದೆ, ಆಲ್ಬಮ್ಮಿನ ಹುಡುಗ ಫೋಟೊಗಳನ್ನು ತುಂಬುತ್ತಿರುತ್ತಾನೆ. ಎಲ್ಲರೂ ಒಂದೇ ಡಿ ಡ್ರೈವಿನಲ್ಲಿ, ಒಂದೇ ಸಮಯಕ್ಕೆ. ಸಿ ಡ್ರೈವಿನ ಗೋಳು ಬೇರೆಯೇ ಇತ್ತು: ಬ್ರೌಸರಿನ ಕ್ಯಾಷ್, ಲಾಗ್ ಫೈಲುಗಳು, ಸಿಸ್ಟಮ್ ರಿಸ್ಟೋರ್ ಎತ್ತಿಟ್ಟುಕೊಳ್ಳುವ ಪ್ರತಿಗಳು, ಬೇಕೆಂದಾಗ ಹಿಗ್ಗುವ ಪೇಜ್ ಫೈಲು. ಇವನ್ನೆಲ್ಲ ಬರೆಯುವುದು ನಾವಲ್ಲ, ಆದ್ದರಿಂದ ಏನೂ ಕೆಲಸ ಮಾಡದ ದಿನವೂ ಸಿ ಡ್ರೈವು ಚೂರಾಗುತ್ತಲೇ ಇರುತ್ತದೆ.

ಡಿಫ್ರ್ಯಾಗಿನ ಸ್ವಭಾವದಲ್ಲೇ ಒಂದು ವಿರೋಧಾಭಾಸವಿದೆ. ಫೈಲುಗಳನ್ನು ಒಂದರ ಪಕ್ಕದಲ್ಲೊಂದು ಸಂದಿಲ್ಲದಂತೆ ಒತ್ತಿ ಜೋಡಿಸಿದರೆ ಪಟ್ಟಿ ನೋಡಲು ಚೆನ್ನಾಗಿರುತ್ತದೆ, ಓದುವುದಕ್ಕೂ ಒಳ್ಳೆಯದೇ. ಆದರೆ ಹಾಗೆ ಒತ್ತಿದ ಸಾಲಿನ ನಡುವೆ ಇರುವ ಫೈಲು ನಾಳೆ ಒಂದೇ ಒಂದು ಕ್ಲಸ್ಟರು ಬೆಳೆದರೂ ಅದರ ಬಾಲ ಡಿಸ್ಕಿನ ಇನ್ನೊಂದು ಮೂಲೆಗೆ ಹೋಗಬೇಕು. ಮುಂದೆಂದೂ ಬದಲಾಗದ ಫೈಲುಗಳಿಗೆ ಈ ಜೋಡಣೆ ಹೇಳಿಮಾಡಿಸಿದ್ದು. ದಿನವೂ ಬೆಳೆಯುವ ಫೈಲುಗಳಿಗೆ ಇದೇ ತೊಂದರೆಯ ಮೂಲ. ಪ್ರತಿ ಫೈಲಿನ ಹಿಂದೆಯೂ ಒಂದಿಷ್ಟು ಜಾಗ ಬಿಡೋಣವೆಂದರೆ, ಯಾವುದು ಎಷ್ಟು ಬೆಳೆಯುವುದೆಂದು ತಿಳಿಯದೆ ಬಿಟ್ಟ ಜಾಗವೇ ಖಾಲಿ ಜಾಗದ ಚೂರುಗಳಾಗುತ್ತವೆ.

ಮದುವೆಮನೆಗಳಲ್ಲೇ ದಿನ ಕಳೆಯುತ್ತಿದ್ದ ಕಾರಣಕ್ಕೋ ಏನೋ, ನನಗೆ ಇದು ಪೂರ್ತಿ ಬಗೆಹರಿದದ್ದು ಊಟದ ಪಂಕ್ತಿಯಲ್ಲಿ. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಏಳುತ್ತಾರೆ. ಎಲೆ ತೆಗೆದು ಒರೆಸಿದರೆ ಇಡೀ ಸಾಲು ಮುಂದಿನವರಿಗೆ ಸಿದ್ಧ. ಹತ್ತು ಜನರ ಕುಟುಂಬ ಬಂದರೂ ಜೊತೆಯಲ್ಲಿ ಕೂರಬಹುದು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಹಾಗಲ್ಲ. ಒಬ್ಬರದು ಕಾಫಿ, ಒಬ್ಬರದು ಪೂರ್ತಿ ಊಟ; ಎದ್ದುಹೋಗುವ ಹೊತ್ತು ಒಬ್ಬೊಬ್ಬರದು ಒಂದೊಂದು. ಅಲ್ಲಿ ಹತ್ತು ಕುರ್ಚಿ ಖಾಲಿಯಿದ್ದರೂ ಅವು ಹತ್ತು ಮೇಜುಗಳಲ್ಲಿರುತ್ತವೆ. ಮ್ಯಾನೇಜರು ಎಲ್ಲರನ್ನೂ ಎಬ್ಬಿಸಿ ಒತ್ತಾಗಿ ಕೂರಿಸಿದರೂ ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತೆಯೇ. ಡಿಸ್ಕಿನಲ್ಲಿ ಫೈಲುಗಳ ಗಾತ್ರಕ್ಕಿಂತ ಅವುಗಳ ಆಯುಷ್ಯ ಮುಖ್ಯ. ಎರಡು ನಿಮಿಷ ಬದುಕುವ ತಾತ್ಕಾಲಿಕ ಫೈಲು, ಒಂದು ತಿಂಗಳ ಕ್ಯಾಪ್ಚರು, ವರ್ಷಗಟ್ಟಲೆ ಇರುವ ಫೋಟೊ, ಈ ಮೂರನ್ನೂ ಒಂದೇ ಜಾಗದಲ್ಲಿ ಬೆರೆಸಿಟ್ಟರೆ ತೆರವುಗಳು ಅಲ್ಲೊಂದು ಇಲ್ಲೊಂದು ಹುಟ್ಟಲೇಬೇಕು.

ಕಂಪ್ಯೂಟರಿನ ಮೆಮೊರಿಯ ವಿಷಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1960ರ ದಶಕದಲ್ಲೇ ತೋರಿಸಿದ ಒಂದು ನಿಯಮವಿದೆ: ಜಾಗ ಕೊಡುವುದೂ ಬಿಡಿಸಿಕೊಳ್ಳುವುದೂ ಬಹುಕಾಲ ನಡೆದು ಒಂದು ಸಮಸ್ಥಿತಿಗೆ ಬಂದಾಗ, ತೆರವುಗಳ ಸಂಖ್ಯೆ ಭರ್ತಿಯಾದ ತುಂಡುಗಳ ಸಂಖ್ಯೆಯ ಸುಮಾರು ಅರ್ಧದಷ್ಟಿರುತ್ತದೆ. ಫೈಲುಗಳನ್ನು ಚೂರು ಮಾಡಿ ಇಡಬಹುದಾದ ಡಿಸ್ಕಿಗೆ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ಅದರಿಂದ ತಿಳಿಯುವುದು ಒಂದಿದೆ. ಚೂರಾಗುವುದು ಕೊನೆಯಿಲ್ಲದೆ ಹೆಚ್ಚುತ್ತಾ ಹೋಗುವ ಕಾಯಿಲೆಯಲ್ಲ. ಬಳಕೆಯ ರೀತಿಗೆ ತಕ್ಕಂತೆ ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಡಿಫ್ರ್ಯಾಗ್ ಮಾಡುವುದೆಂದರೆ ಆ ಮಟ್ಟದಿಂದ ಡಿಸ್ಕನ್ನು ಬಲವಂತವಾಗಿ ಕೆಳಗಿಳಿಸುವುದು, ಮತ್ತು ಬಳಕೆ ಬದಲಾಗದ ತನಕ ಅದು ಅದೇ ಮಟ್ಟಕ್ಕೆ ಏರುತ್ತದೆ.

ಇದು ವಿಂಡೋಸಿನ ಜಾಯಮಾನವೆಂದು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬಳಸುವ ಮಿತ್ರರು ನಗುವುದುಂಟು, ಆದರೆ ಈ ಕತೆ ಶುರುವಾಗುವುದು ಅವರದೇ ಪೂರ್ವಜರ ಮನೆಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮಾರ್ಷಲ್ ಕರ್ಕ್ ಮೆಕ್‌ಕ್ಯೂಸಿಕ್, ವಿಲಿಯಂ ಜಾಯ್, ಸ್ಯಾಮ್ಯುಯೆಲ್ ಲೆಫ್ಲರ್, ರಾಬರ್ಟ್ ಫ್ಯಾಬ್ರಿ ಎಂಬ ನಾಲ್ವರು ಲಿನಕ್ಸಿನ ಪೂರ್ವಜನಾದ ಯೂನಿಕ್ಸ್‌ಗಾಗಿ ಹೊಸ ಫೈಲ್ ವ್ಯವಸ್ಥೆಯನ್ನು ಕಟ್ಟಿ, 1984ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹಳೆಯ ವ್ಯವಸ್ಥೆಯು ಹೊಸದಾಗಿ ಸಿದ್ಧಪಡಿಸಿದಾಗ ಸೆಕೆಂಡಿಗೆ 175 ಕೆಬಿವರೆಗೆ ಕೊಡುತ್ತಿದ್ದುದು, ಕೆಲವೇ ವಾರಗಳ ಸಾಧಾರಣ ಬಳಕೆಯ ನಂತರ 30 ಕೆಬಿಗೆ ಇಳಿಯುತ್ತಿತ್ತು ಎಂದು ಅವರು ಅದರಲ್ಲಿ ದಾಖಲಿಸಿದ್ದಾರೆ. ಮೊದಲು ಕ್ರಮವಾಗಿದ್ದ ಖಾಲಿ ಬ್ಲಾಕುಗಳ ಪಟ್ಟಿಯು ಫೈಲುಗಳು ಹುಟ್ಟಿ ಸತ್ತಂತೆ ಕಲಸಿಹೋಗುತ್ತಿದ್ದುದೇ ಕಾರಣ. ಎಲ್ಲವನ್ನೂ ಬೇರೆಡೆಗೆ ತೆಗೆದು, ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಿ, ಮತ್ತೆ ತುಂಬುವುದೇ ಆಗಿನ ಪರಿಹಾರ. ಆ ನಾಲ್ವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಆಗಾಗ ಜೋಡಿಸುವುದರ ಬದಲು ಮೊದಲೇ ಜಾಗ ನೋಡಿ ಕೊಡುವುದು, ಒಂದೇ ಫೋಲ್ಡರಿನ ಫೈಲುಗಳನ್ನು ಡಿಸ್ಕಿನ ಒಂದೇ ವಠಾರದಲ್ಲಿ ಇಡುವುದು, ಮತ್ತು ಹತ್ತರಲ್ಲೊಂದು ಭಾಗವನ್ನು ಯಾವಾಗಲೂ ಖಾಲಿ ಉಳಿಸಿಕೊಳ್ಳುವುದು. ಏಕೆಂದರೆ ಡಿಸ್ಕ್ ಪೂರ್ತಿ ತುಂಬಿದರೆ ಎಷ್ಟು ಜಾಣತನದಿಂದ ಆರಿಸಿದರೂ ಆರಿಸಲು ಏನೂ ಇರುವುದಿಲ್ಲ. 2008ರಲ್ಲಿ ಲಿನಕ್ಸ್‌ಗೆ ಬಂದ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆಯಬೇಕಾದದ್ದನ್ನು ಮೆಮೊರಿಯಲ್ಲಿ ಕೆಲ ಕಾಲ ಹಿಡಿದಿಟ್ಟು, ಫೈಲು ಎಷ್ಟು ದೊಡ್ಡದಾಗುವುದೆಂದು ನೋಡಿಕೊಂಡ ಮೇಲೆ ಜಾಗ ಗೊತ್ತುಮಾಡುತ್ತದೆ. ಹಾಗಿದ್ದೂ ಡಿಸ್ಕು ಕಂಠಮಟ್ಟ ತುಂಬಿದರೆ ಅದೂ ಚೂರಾಗುತ್ತದೆ.

ವಿಂಡೋಸ್ 98ರ ಡಿಫ್ರ್ಯಾಗ್ ಬಳಸಿದವರಿಗೆ ಅದರ ಕಾಟ ನೆನಪಿರಬಹುದು: ನಡುವೆ ಯಾವುದಾದರೂ ಪ್ರೋಗ್ರಾಂ ಡಿಸ್ಕಿಗೆ ಏನನ್ನಾದರೂ ಬರೆದರೆ, ಡಿಸ್ಕಿನಲ್ಲಿರುವುದು ಬದಲಾಗಿದೆಯೆಂದು ಹೇಳಿ ಮೊದಲಿನಿಂದ ಶುರುಮಾಡುತ್ತಿತ್ತು. ಸ್ಕ್ರೀನ್ ಸೇವರ್ ನಿಲ್ಲಿಸಿ, ಸೇಫ್ ಮೋಡಿಗೆ ಹೋಗಿ, ಕಂಪ್ಯೂಟರನ್ನು ಮುಟ್ಟದೆ ಕೂರಬೇಕಿತ್ತು. ವಿಸ್ಟಾ ಮತ್ತು ವಿಂಡೋಸ್ 7ರ ಹೊತ್ತಿಗೆ ಈ ಕೆಲಸ ಬುಧವಾರ ನಸುಕಿನ ಒಂದು ಗಂಟೆಗೆ ತಾನಾಗಿ ನಡೆಯುವಂತಾಯಿತು, ಮತ್ತು 64 ಎಂಬಿಗಿಂತ ದೊಡ್ಡ ತುಣುಕುಗಳನ್ನು ಅದು ಚೂರೆಂದೇ ಎಣಿಸದಾಯಿತು. ಅದೂ ನ್ಯಾಯವೇ, ಅಷ್ಟು ದೊಡ್ಡ ತುಣುಕನ್ನು ಓದಲು ಒಂದು ಸೆಕೆಂಡಿನಷ್ಟು ಹಿಡಿಯುವಾಗ ಅದರ ಕೊನೆಯಲ್ಲಿ 13 ಮಿಲಿಸೆಕೆಂಡಿನ ಜಿಗಿತ ಯಾರ ಗಮನಕ್ಕೂ ಬರುವುದಿಲ್ಲ. ಪಟ್ಟಿಯಲ್ಲಿ ಕೆಂಪು ಕಂಡರೆ ಕೈ ತುರಿಸುವ ನನ್ನಂಥವರಿಗೆ ಹೊಸ ವಿಂಡೋಸ್ ಆ ಪಟ್ಟಿಯನ್ನೇ ತೋರಿಸದಿರುವುದು ಒಂದು ರೀತಿಯಲ್ಲಿ ಉಪಕಾರ. ಎಸ್‌ಎಸ್‌ಡಿಯ (ಮೆಮೊರಿ ಚಿಪ್ಪುಗಳ ಡಿಸ್ಕಿನ) ವಿಷಯ ಎರಡೇ ಮಾತು: ಅಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯಬೇಕಾದ ಹೆಡ್ಡಿಲ್ಲ, ಆದ್ದರಿಂದ ದಿನವೂ ಡಿಫ್ರ್ಯಾಗ್ ಹಾಕಿದರೆ ವೇಗ ಹೆಚ್ಚುವುದಿಲ್ಲ, ಬರೆದು ಬರೆದು ಅದರ ಆಯುಷ್ಯ ಸವೆಯುತ್ತದೆ ಅಷ್ಟೆ.

ನಮ್ಮ ಸ್ಟುಡಿಯೊದ ವಿಷಯಕ್ಕೆ ಬಂದರೆ, 2006ರ ಮಾಘ ಮಾಸದ ಲಗ್ನಗಳು ಶುರುವಾಗುವ ಮುನ್ನ ಯಜಮಾನರನ್ನು ಒಪ್ಪಿಸಿ 160 ಜಿಬಿಯ ಎರಡನೆಯ ಡಿಸ್ಕ್ ಹಾಕಿಸಿದೆ. ಅದರಲ್ಲಿ ಕ್ಯಾಪ್ಚರ್ ಬಿಟ್ಟು ಬೇರೇನನ್ನೂ ಇಡಬಾರದೆಂದು ಮಾನಿಟರಿನ ಮೇಲೆ ಚೀಟಿ ಅಂಟಿಸಿದೆ. ಒಂದು ಮದುವೆಗೆ ಮೂರು ಟೇಪು, 39 ಜಿಬಿ; ಏಕಕಾಲಕ್ಕೆ ಮೂರು ಮದುವೆ ಹಿಡಿಸಿ ಒಂದಿಷ್ಟು ಖಾಲಿಯೂ ಉಳಿಯುತ್ತಿತ್ತು. ಡಿವಿಡಿ ಕೊಟ್ಟು ಬಾಕಿ ಹಣ ಬಂದ ಮೇಲೆ ಆ ಮದುವೆಯ ಇಡೀ ಫೋಲ್ಡರನ್ನು ಒಟ್ಟಿಗೆ ಅಳಿಸುತ್ತಿದ್ದೆವು, ಪಂಕ್ತಿ ಎದ್ದ ಹಾಗೆ. ನಾಲ್ಕು ತಿಂಗಳು ಆ ಡಿಸ್ಕಿಗೆ ಡಿಫ್ರ್ಯಾಗ್ ಹಾಕಲೇ ಇಲ್ಲ, ಒಂದು ಫ್ರೇಮೂ ಬಿಟ್ಟುಹೋಗಲಿಲ್ಲ. ಸಿ ಮತ್ತು ಡಿ ಡ್ರೈವುಗಳು ಎಂದಿನಂತೆ ಗುರುವಾರಕ್ಕೆ ಕೆಂಪಾಗುತ್ತಿದ್ದವು, ಅವನ್ನು ನೋಡುವುದನ್ನೇ ಬಿಟ್ಟೆವು.

ಮೇ ತಿಂಗಳಲ್ಲಿ ಒಂದು ದಿನ ಹೊಸ ಡಿಸ್ಕಿನಲ್ಲಿ ಮತ್ತೆ ಫ್ರೇಮು ಬಿಟ್ಟಿತು. ಅನಲೈಸ್ ಒತ್ತಿದರೆ ಪಟ್ಟಿಯ ಎಡ ತುದಿಯಿಂದ ಮಧ್ಯದವರೆಗೆ ಕೆಂಪು ಗೆರೆಗಳು. ರಿಪೋರ್ಟು ತೆರೆದೆ. ಹೆಚ್ಚು ಚೂರಾಗಿದ್ದದ್ದು ಆ ವಾರದ ಕ್ಯಾಪ್ಚರೇ. ಆದರೆ ಅದರ ದಾರಿಯಲ್ಲಿ ಏನು ಕೂತಿದೆಯೆಂದು ಡ್ರೈವನ್ನು ತೆರೆದು ನೋಡಿದರೆ 'ಹೊಸದು' ಎಂಬ ಹೆಸರಿನ ಒಂದು ಫೋಲ್ಡರ್, ಅದರೊಳಗೆ ನಾನೂರಕ್ಕೂ ಹೆಚ್ಚು ಚಿತ್ರಗೀತೆಗಳು. ಆಲ್ಬಮ್ಮಿನ ಹುಡುಗ ಸಿಡಿಗಳಿಂದ ಹಾಡುಗಳನ್ನು ಇಳಿಸಿಕೊಳ್ಳುತ್ತಿದ್ದ, ಅದೂ ನಾನು ಕ್ಯಾಪ್ಚರ್ ಹಾಕಿ ಊಟಕ್ಕೆ ಹೋದ ಹೊತ್ತಿನಲ್ಲಿ; ಆಮೇಲೆ ಆ ಮದುವೆಗಳೆಲ್ಲ ಅಳಿಸಿಹೋಗಿ ಹಾಡುಗಳು ಮಾತ್ರ ಬಯಲಿನಲ್ಲಿ ನೆಟ್ಟ ಗೂಟಗಳಂತೆ ಅಲ್ಲಲ್ಲಿ ಉಳಿದುಕೊಂಡಿದ್ದವು. "ಜಾಗ ತುಂಬಾ ಖಾಲಿ ಇತ್ತಲ್ಲಣ್ಣ, ಅದಕ್ಕೇ ಹಾಕ್ದೆ" ಎಂದ. ಹಾಡುಗಳನ್ನು ಡಿ ಡ್ರೈವಿಗೆ ಸಾಗಿಸಿ, ಡಿವಿಡಿ ಕೊಟ್ಟ ಮದುವೆಗಳ ಫೋಲ್ಡರುಗಳನ್ನು ಅಳಿಸಿ, ಬಿಟ್ಟುಹೋದ ಟೇಪನ್ನು ಹಿಂದಕ್ಕೆ ಸುತ್ತಿ ಕ್ಯಾಪ್ಚರ್ ಹಾಕಿದೆ. ಸರಾಗವಾಗಿ ಓಡಿತು.